ಬ್ರೆಡ್ಡಿನ ಅಂಚು

ಕೊಟ್ಟೂರಿನ ನಮ್ಮ ಬೇಕರಿಗೆ ಬಂದು "ಏನೂ ಹಾಕದ ಬ್ರೆಡ್ ಕೊಡ್ರಿ" ಎಂದು ಕೇಳುತ್ತಿದ್ದ ಗಿರಾಕಿ ಅವರೊಬ್ಬರೇ. ಬೇರೆಯವರಿಗೆಲ್ಲ ಏನಾದರೊಂದು ಹಾಕಿರಲೇಬೇಕು. ಸಕ್ಕರೆ ಹಾಕಿದ್ದು ಬೇಕು, ಹಾಲು ಹಾಕಿದ್ದು ಬೇಕು, ಮೇಲೆ ಕೆಂಪು ಹಸಿರು ಟೂಟಿಫ್ರೂಟಿ ಕಾಣಬೇಕು. ಇವರು ಮಾತ್ರ ಕೊಡೆಯ ಹಿಡಿಯಿಂದ ಬಿಸ್ಕತ್ತಿನ ಗಾಜಿನ ಡಬ್ಬಿಯನ್ನು ಟಕಟಕ ತಟ್ಟಿ, ನಾನು ತಲೆ ಎತ್ತುವ ತನಕ ಕಾದು, "ಸಾವ್ಕಾರ್ರ, ಏನೂ ಹಾಕದ್ದು ಒಂದು. ನಾಳಿ ನಮ್ಮ ಯಜಮಾನರ ಮನಿ ಊಟ ಐತಿ" ಎನ್ನುತ್ತಿದ್ದರು. ಮೊದಲ ಸಲ ಕೇಳಿದಾಗ ನಾನು, ಊಟ ಹಾಕಿಸಲು ಒಂದೇ ಬ್ರೆಡ್ ತರಿಸುವ ಆ ಜುಗ್ಗ ಯಜಮಾನ ಯಾರಪ್ಪ ಎಂದುಕೊಂಡಿದ್ದೆ.

ಹೋದ ತಿಂಗಳು ಅವರು ತೀರಿಕೊಂಡರು. ಹಗರಿಬೊಮ್ಮನಹಳ್ಳಿಯಿಂದ ಅವರ ಹೆಂಡತಿಯೇ ಫೋನ್ ಮಾಡಿದರು. ದನಿಯಲ್ಲಿ ಅಳು ಇರಲಿಲ್ಲ. "ಉಪದೇಶಿಗಳು ಹೋದ್ರು ನೋಡ್ರಿ. ನಾಳಿ ಮಣ್ಣು ಮಾಡ್ತೀವಿ. ಬರಾಗ ಒಂದು ಬ್ರೆಡ್ ತರ್ರಿ, ಏನೂ ಹಾಕದ್ದು" ಎಂದರು. ಫೋನ್ ಇಟ್ಟ ಮೇಲೆ ಗಲ್ಲಾದ ಹಿಂದೆ ಕೂತು ನಾನು ಅತ್ತೆ. ಬನ್ ಕೊಳ್ಳಲು ಬಂದ ಹೆಂಗಸೊಬ್ಬಳು ನನ್ನ ಮುಖ ನೋಡಿ, ಚಿಲ್ಲರೆ ಕೂಡ ಕೇಳದೆ ಹೋದಳು.

ಉಪದೇಶಿ ಎಂದರೆ ಪಾದ್ರಿ ಅಲ್ಲ. ಅವರ ಪಾದ್ರಿ, ಅಂದರೆ ಪಾಸ್ಟರು, ಬಳ್ಳಾರಿಯಲ್ಲಿದ್ದರು. ಮೂರು ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬಂದು, ಬಿಳಿ ನಿಲುವಂಗಿ ತೊಟ್ಟು, ಯೇಸುವಿನ ಹೆಸರಿನಲ್ಲಿ ಬ್ರೆಡ್ ಮುರಿದು ಎಲ್ಲರಿಗೂ ಒಂದೊಂದು ತುಣುಕು ಕೊಡುವ ಕರ್ತನ ಭೋಜನ ಎಂಬ ಆರಾಧನೆ ನಡೆಸಿ, ಮಧ್ಯಾಹ್ನದ ಬಸ್ಸಿಗೆ ಹೋಗಿಬಿಡುತ್ತಿದ್ದರು. ಇವರು ಯಜಮಾನರ ಮನಿ ಊಟ ಎನ್ನುತ್ತಿದ್ದುದು ಅದನ್ನೇ. ಉಳಿದ ದಿನಗಳಲ್ಲಿ ಹಾಡಿಸುವುದು, ಪ್ರಾರ್ಥನೆ ಮಾಡಿಸುವುದು, ಕಾಯಿಲೆಯವರ ಹಣೆ ಮುಟ್ಟುವುದು, ಗಂಡ ಹೆಂಡಿರ ಜಗಳ ಬಿಡಿಸುವುದು ಎಲ್ಲ ಇವರ ಪಾಲು. ಕೊಟ್ಟೂರಿನ ರೈಲ್ವೆ ಸ್ಟೇಷನ್ ಕಡೆಗೆ ಹೋಗುವ ದಾರಿಯಲ್ಲಿ ಕ್ರೈಸ್ತರ ಹೆಂಚಿನ ಒಂದು ಸಣ್ಣ ದೇವಾಲಯ, ಅಂಗಳದಲ್ಲಿ ಬೇವಿನ ಮರ, ಹಿಂದೆ ಎರಡು ಕೋಣೆಯ ಮನೆ. ಅಲ್ಲಿ ಗಂಡ ಹೆಂಡತಿ ಇದ್ದರು. ಇದೆಲ್ಲ ತೊಂಬತ್ತರ ದಶಕದ ಮಾತು, ಆಗ ನಾನು ಅಪ್ಪನ ಕೈಕೆಳಗೆ ಅಂಗಡಿಯಲ್ಲಿ ಕೂರಲು ಶುರು ಮಾಡಿದ್ದೆ.

ಮನೆ ಕೊಟ್ಟೂರಿನಲ್ಲಿ ಎಂದು ಹೆಸರಿಗೆ, ವಾರದ ಮುಕ್ಕಾಲು ಪಾಲು ಅವರು ಬಸ್ಸಿನಲ್ಲೇ ಇರುತ್ತಿದ್ದರು. ಕೂಡ್ಲಿಗಿಯಲ್ಲಿ ನಾಲ್ಕಾರು ಮನೆ, ಹಡಗಲಿಯಲ್ಲಿ ಒಂದಷ್ಟು, ಹರಪನಹಳ್ಳಿಯಲ್ಲಿ ಒಂದಷ್ಟು. ದವಾಖಾನೆಯ ನರ್ಸಮ್ಮ, ರೈಲ್ವೆ ಗ್ಯಾಂಗಿನವರು, ರಸ್ತೆ ಗುಡಿಸುವವರು, ಒಬ್ಬ ಡ್ರಿಲ್ ಮಾಸ್ತರು, ಇಂಥವರೇ ಅವರ ಸಭೆ. ಬಸ್ಸಿನಲ್ಲಿ ಸೀಟು ಸಿಕ್ಕರೆ ಇವರು ಯಾರಿಗಾದರೂ ಬಿಟ್ಟುಕೊಡುತ್ತಿದ್ದರು, ಬಿಟ್ಟುಕೊಟ್ಟ ಮೇಲೆ ಮೊಣಕಾಲು ನೋವು ಎಂದು ದಾರಿಯುದ್ದಕ್ಕೂ ನರಳುತ್ತಿದ್ದರು. ಕೂತವನಿಗೆ ಕೂತ ಸುಖವೂ ಇಲ್ಲ.

"ಯಾವ ಊರಿನವರು ಛಲೋ ಅದಾರ್ರಿ ನಿಮ್ಮೋರು?" ಎಂದು ನಾನು ಕೆಣಕಿದರೆ, ಬೆರಳು ಮಡಿಸಿ ಹೇಳುತ್ತಿದ್ದರು. "ಕೂಡ್ಲಿಗಿಯೋರು ಹಾಡ್ತಾರ. ಹಡಗಲಿಯೋರು ಅಳ್ತಾರ. ಹರಪನಹಳ್ಳಿಯೋರು ಗಡಿಯಾರ ನೋಡ್ತಾರ."

"ಮತ್ತ ಕೊಟ್ಟೂರೋರು?"

"ಕೊಟ್ಟೂರೋರು ಕಣ್ಣು ಮುಚ್ಚಿ ಪ್ರಾರ್ಥನಿ ಮಾಡ್ತಾರ, ಮೂಗು ಮಾತ್ರ ನಿಮ್ಮ ಬೇಕರಿ ಕಡಿಗಿ ಇರ್ತೈತಿ."

ಅವರ ಹಾಡಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಕೂಡ್ಲಿಗಿಯವರು ಹಾಡುತ್ತಿದ್ದುದು ಇವರಿಂದ ಕಲಿತಂತೂ ಅಲ್ಲ. ಕಂಠ ದೊಡ್ಡದು, ಶ್ರುತಿ ದೇವರಿಗೇ ಪ್ರೀತಿ. ಭಾನುವಾರ ಅವರು ಎತ್ತಿಕೊಂಡ ಪದ ನಮ್ಮ ಅಂಗಡಿಯ ತನಕ ಕೇಳುತ್ತಿತ್ತು. ಆಮೇಲೆ ಉಳಿದವರು ಅದನ್ನು ಹಿಡಿದು ಸರಿದಾರಿಗೆ ತರಲು ಪಡುತ್ತಿದ್ದ ಪಾಡೂ ಕೇಳುತ್ತಿತ್ತು. ಮಂಡಕ್ಕಿ ಮಿರ್ಚಿ ಎಂದರೆ ಪ್ರಾಣ. ಉಪವಾಸದ ದಿನ ಸಂಜೆ ಮಿರ್ಚಿ ಅಂಗಡಿಯ ಎದುರಿಗೆ ಅವರು ನಿಂತಿದ್ದನ್ನು ನಾನು ಕಂಡಿದ್ದೇನೆ. "ಏನ್ರಿ, ಉಪವಾಸ ಅಂದ್ರಿ?" ಎಂದರೆ "ವಾಸನಿ ನೋಡಾಕ ಹತ್ತೀನ್ರಿ, ತಿನ್ನಾಕ ಹತ್ತಿಲ್ಲ" ಎಂದಿದ್ದರು.

ನಮ್ಮದು ಲಿಂಗ ಕಟ್ಟಿಕೊಂಡ ಮನೆ. ಬೇಕರಿಯಲ್ಲಿ ಮೊಟ್ಟೆ ಒಡೆದವರಲ್ಲ. ಇವರ ಬ್ರೆಡ್ಡು ಎಲ್ಲಿಗೆ ಹೋಗುತ್ತದೆ ಎಂದು ತಿಳಿದಾಗ ಅಪ್ಪ ಏನನ್ನುತ್ತಾನೋ ಎಂದು ನನಗೆ ಅಳುಕಿತ್ತು. ಅಪ್ಪ, "ಅವರ ದೇವರಿಗಿ ಎಡಿ ಅಂದಂಗಾತು. ಹಂಗಾದ್ರ ಅವತ್ತು ಜಳಕ ಮಾಡಿ ಹಿಟ್ಟು ನಾದು. ಬ್ರೆಡ್ಡಿನ ತಟ್ಟಿ ತಿಕ್ಕಿ ತೊಳಿ. ಯಾವ ದೇವರಾದ್ರೇನು, ಹೋಗೂದು ನಮ್ಮ ಮನ್ಯಾಗಿಂದ" ಎಂದ. ಅಂದಿನಿಂದ ಅದೇ ಪದ್ಧತಿ ಆಯಿತು. ಮೂರು ತಿಂಗಳಿಗೊಮ್ಮೆ ಶನಿವಾರ ನಾನು ಜಳಕ ಮಾಡಿ, ಮೈದಾ, ಉಪ್ಪು, ಈಸ್ಟು, ನೀರು ಇಷ್ಟೇ ಹಾಕಿ ಒಂದು ಬ್ರೆಡ್ ಬೇರೆಯಾಗಿ ಸುಡುತ್ತಿದ್ದೆ.

ಒಮ್ಮೆ ನನಗೆ ಮನಸ್ಸು ತಡೆಯಲಿಲ್ಲ. ದೇವರಿಗೆ ಹೋಗುವುದು, ಬರೀ ಸಪ್ಪೆ ಕೊಡುವುದೇ? ನಮ್ಮ ಮಠಕ್ಕೆ ಕೊಡುವಾಗ ತುಪ್ಪ ಸುರಿಯುವುದಿಲ್ಲವೇ? ಹಾಲು, ತುಪ್ಪ, ಸಕ್ಕರೆ ಹಾಕಿ, ಒಳಗೆಲ್ಲ ಟೂಟಿಫ್ರೂಟಿ ತುಂಬಿ ಸುಟ್ಟು, ಕಾಗದದಲ್ಲಿ ಸುತ್ತಿ ಕೊಟ್ಟುಬಿಟ್ಟೆ. ಮುರಿಯುವ ತನಕ ಯಾರಿಗೂ ಗೊತ್ತಾಗಲಿಲ್ಲ. ಬಳ್ಳಾರಿಯ ಪಾಸ್ಟರು ಬಿಳಿ ಬಟ್ಟೆ ಹಾಸಿದ ಮೇಜಿನ ಮುಂದೆ ಗಂಭೀರವಾಗಿ ಬ್ರೆಡ್ ಮುರಿದರೆ ಒಳಗಿಂದ ಕೆಂಪು ಹಸಿರು ಉದುರಿತಂತೆ. ಮುದುಕಿಯೊಬ್ಬಳು ತುಣುಕು ಬಾಯಿಗಿಟ್ಟುಕೊಂಡು, ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತಳಂತೆ. ಪಾಸ್ಟರಿಗೆ ಸಿಟ್ಟು ಬಂದು ಇದೇನು ಹುಡುಗಾಟಿಕೆ ಎಂದರೆ ಇವರು ಕೈಜೋಡಿಸಿ, "ಅಯ್ಯಾ, ಕೊಟ್ಟ ಮನಿಯೋರಿಗೆ ಪ್ರೀತಿ ಜಾಸ್ತಿ ಆಗೇತಿ. ಇನ್ನೊಮ್ಮಿ ಕಡಿಮಿ ಪ್ರೀತಿ ಮಾಡ್ರಿ ಅಂತ ಹೇಳ್ತೀನಿ" ಎಂದರಂತೆ. ನನಗೆ ಮಾತ್ರ ಏನೂ ಬೈಯಲಿಲ್ಲ. ಬಂದು ಡಬ್ಬಿ ತಟ್ಟಿ, "ಸಾವ್ಕಾರ್ರ, ಯೇಸುಸ್ವಾಮಿ ಬಡವರ ಮನ್ಯಾಗ ಹುಟ್ಟಿದಾಂವ. ತುಪ್ಪ ಅಂವಗ ಅರಗಂಗಿಲ್ಲ" ಎಂದು ನಕ್ಕರು.

ಧರ್ಮದ ಮಾತನ್ನು ತಾವಾಗಿ ಅವರು ಎಂದೂ ನನ್ನ ಮುಂದೆ ತೆಗೆದವರಲ್ಲ, ನಾನೇ ಕೆಣಕುತ್ತಿದ್ದೆ. "ಉಪದೇಶಿಗಳ, ನಮ್ಮನ್ನೆಲ್ಲ ಪಾಪಿಗಳು ಅಂತೀರಂತಲ್ಲ, ನಾ ಏನು ಮಾಡೀನಿ?" ಎಂದರೆ, "ನಿಮ್ಮ ಬಗ್ಗಿ ನಾ ಯಾಕ ಹೇಳ್ಲಿ, ನನ್ನ ಬಗ್ಗಿ ಹೇಳಿದೆ. ನಿಮ್ಮದು ಸೇರಿಸ್ಕೊಳ್ಳೂದು ಬಿಡೂದು ನಿಮ್ಮ ಇಚ್ಛಾ" ಎನ್ನುತ್ತಿದ್ದರು. ಒಂದು ಸಲ ಅಪ್ಪನೇ, ನಿಮ್ಮಲ್ಲಿ ಪಾಪ ಎಂದರೆ ಏನು ಎಂದು ನಿಜವಾಗಿ ಕೇಳಿದ. ಆಗ ಅವರು ಕೊಡೆ ಪಕ್ಕಕ್ಕಿಟ್ಟು ಬೆಂಚಿನ ಮೇಲೆ ಕೂತರು. "ಅವ್ವ ಊಟಕ್ಕ ಬಾ ಅಂತ ಕರೀತಾಳ್ರಿ. ಕೂಸು ಸಿಟ್ಟಿಗೆದ್ದು ಒಲ್ಲೆ ಅಂತೈತಿ. ಹೊಟ್ಯಾಗ ಹಸಿವು ಐತಿ, ಗಂಗಾಳದಾಗ ಅನ್ನ ಐತಿ, ಆದ್ರೂ ಒಲ್ಲೆ ಅಂತೈತಿ. ಅದ ನೋಡ್ರಿ ಪಾಪ. ಕಳ್ಳತನ, ಸುಳ್ಳು, ಹೊಡದಾಟ, ಉಳದಿದ್ದೆಲ್ಲಾ ಅದರ ಮರಿ." ಅಪ್ಪ ತಲೆಯಾಡಿಸಿದ.

ಪವಿತ್ರಾತ್ಮನಲ್ಲಿ ನಡೆಯುವುದು ಎಂದು ಅವರು ಪದೇಪದೇ ಅನ್ನುತ್ತಿದ್ದರು. ಅದು ನನಗೆ ತಲೆಗೆ ಹೋಗುತ್ತಿರಲಿಲ್ಲ. ಭಟ್ಟಿಯ ಪಕ್ಕ ಒದ್ದೆ ಬಟ್ಟೆ ಮುಚ್ಚಿಟ್ಟಿದ್ದ ಹಿಟ್ಟನ್ನು ತೋರಿಸಿ ಒಮ್ಮೆ ಕೇಳಿದರು. "ಇದನ್ನ ಉಬ್ಬಸಾವ್ರು ನೀವೇನು?"

"ಇಲ್ರಿ, ಅದು ತಾನ ಉಬ್ಬತೈತಿ."

"ಮತ್ತ ನೀವೇನು ಮಾಡ್ತೀರಿ?"

"ಬಟ್ಟಿ ಮುಚ್ಚಿ ಕಾಯ್ತೀವಿ. ಅವಸರ ಮಾಡಿ ಮ್ಯಾಲಿಂದ ಮ್ಯಾಲೆ ತಗದು ನೋಡಿದ್ರ ಕೆಡ್ತೈತಿ."

"ನನಗ ಗೊತ್ತಿದ್ದದ್ದೂ ಅಷ್ಟ ರೀ" ಎಂದು ಎದ್ದು ಹೋದರು.

ಕರ್ತನ ಭೋಜನದ ಹಿಂದಿನ ದಿನ ಅವರಿಗೆ ಭಾರಿ ಕೆಲಸ. ಯಾರ ಮೇಲಾದರೂ ಹಗೆ ಇಟ್ಟುಕೊಂಡು ಆ ಮೇಜಿಗೆ ಬರಬಾರದು ಎಂಬುದು ಅವರ ಕಟ್ಟಳೆ. ಶನಿವಾರ ಇಡೀ ದಿನ ಮನೆಮನೆ ತಿರುಗಿ ಯಾರು ಯಾರೊಂದಿಗೆ ಮಾತು ಬಿಟ್ಟಿದ್ದಾರೆ ಎಂದು ವಿಚಾರಿಸುತ್ತಿದ್ದರು. ಭಾನುವಾರ ಬೆಳಿಗ್ಗೆ ದೇವಾಲಯದ ಹೊಸ್ತಿಲ ಬಳಿ ಒಂದು ತಾಮ್ರದ ತಂಬಿಗೆಯಲ್ಲಿ ನೀರು ಇಟ್ಟಿರುತ್ತಿತ್ತು. ಜಗಳವಾಡಿದ ಇಬ್ಬರೂ ಅಲ್ಲಿ ನಿಂತು, ಒಬ್ಬರ ಕೈಗೆ ಒಬ್ಬರು ನೀರು ಹಾಕಬೇಕು. ನಮ್ಮ ಕಡೆ ಮನೆಗೆ ಬಂದ ನೆಂಟರಿಗೆ ಊಟಕ್ಕೆ ಮುಂಚೆ ಕೈಗೆ ನೀರು ಹಾಕುತ್ತೇವಲ್ಲ, ಹಾಗೆ. ಮಾತಾಡಬೇಕೆಂದಿಲ್ಲ, ತಪ್ಪಾಯಿತು ಎನ್ನಬೇಕೆಂದಿಲ್ಲ. ನೀರು ಹಾಕಿದರೆ ಮುಗಿಯಿತು, ಒಳಗೆ ಬರಬಹುದು. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟದ್ದಲ್ಲ, ಅವರೇ ಮಾಡಿಕೊಂಡದ್ದು. ಬಳ್ಳಾರಿಯ ಪಾಸ್ಟರಿಗೆ ಇದು ಅಷ್ಟಾಗಿ ಹಿಡಿಸುತ್ತಿರಲಿಲ್ಲ.

ಒಂದು ಸಲ ಅತ್ತೆ ಸೊಸೆ ಮಾತು ಬಿಟ್ಟಿದ್ದರು. ಸೊಸೆ ಶಾಸ್ತ್ರಕ್ಕೆ ನಾಲ್ಕು ಹನಿ ಹಾಕಿದಳು. ಅತ್ತೆಯ ಸರದಿ ಬಂದಾಗ ಆಕೆ ತಂಬಿಗೆ ಎತ್ತಿ ಇಡೀ ನೀರನ್ನು ಸೊಸೆಯ ಹೊಸ ಸೀರೆಯ ಮೇಲೆ ಸುರಿದುಬಿಟ್ಟಳು. ಜನ ಹೋ ಎಂದರು. ಇವರು ಸ್ವಲ್ಪವೂ ವಿಚಲಿತರಾಗದೆ, "ಮತ್ತೊಂದು ತಂಬಗಿ ತರ್ರಿ" ಎಂದರು. ಎರಡನೆಯ ತಂಬಿಗೆ ಬರುವಷ್ಟರಲ್ಲಿ ಒದ್ದೆಯಾಗಿ ನಿಂತ ಸೊಸೆಯನ್ನು ನೋಡಿ ಅತ್ತೆಗೇ ನಗು ಬಂದಿತ್ತು. ಇದನ್ನು ನನಗೆ ಹೇಳುವಾಗ ಉಪದೇಶಿಗಳು ಬೆಂಚಿನ ಮೇಲೆ ಹೊಟ್ಟೆ ಹಿಡಿದುಕೊಂಡು ಕೂತಿದ್ದರು.

ಇಷ್ಟೆಲ್ಲ ಮಾಡಿಸುತ್ತಿದ್ದ ಮನುಷ್ಯ, ಮುಂದೆ ತಾನೇ ಆ ಊಟ ಉಣ್ಣದೆ ಉಳಿದ. ಅದನ್ನು ಹೇಳದೆ ಅವರ ಚಿತ್ರ ಮುಗಿಯುವುದಿಲ್ಲ.

ಅವರಿಗೆ ಒಬ್ಬನೇ ಮಗ. ಕಾಲೇಜಿಗೆ ಹೋಗುತ್ತಿದ್ದ, ಅಪ್ಪನಂತೆಯೇ ಉದ್ದ, ಪುಣ್ಯಕ್ಕೆ ಅಪ್ಪನಂತೆ ಹಾಡುತ್ತಿರಲಿಲ್ಲ. ಅವರಿಗೊಬ್ಬ ತಮ್ಮನೂ ಇದ್ದ. ಅಣ್ಣನಿಗಿಂತ ಬಹಳ ಚಿಕ್ಕವನು, ತಂದೆ ತಾಯಿ ಬೇಗ ಹೋದದ್ದರಿಂದ ಅಣ್ಣ ಅತ್ತಿಗೆಯೇ ಸಾಕಿ ದೊಡ್ಡವನನ್ನು ಮಾಡಿದ್ದರು. ಅವನು ಹರಪನಹಳ್ಳಿಯಿಂದ ಮೆಕ್ಕೆಜೋಳದ ಚೀಲ ಸಾಗಿಸುವ ಟೆಂಪೋ ಓಡಿಸುತ್ತಿದ್ದ. ಒಂದು ಸಂಜೆ ಕುಡಿದು ಓಡಿಸಿದ. ಪಕ್ಕದಲ್ಲಿ ಅಣ್ಣನ ಮಗ ಕೂತಿದ್ದ. ಕೊಟ್ಟೂರು ಇನ್ನೇನು ಬಂತು ಎನ್ನುವಾಗ ತಿರುವಿನಲ್ಲಿ ಗಾಡಿ ಉರುಳಿತು. ಹುಡುಗ ಅಲ್ಲೇ ಹೋದ. ತಮ್ಮನ ಕಾಲು ಮುರಿಯಿತು. ಕುಡಿದಿದ್ದೆ ಎಂದು ಅವನೇ ಪೊಲೀಸರ ಮುಂದೆ ಒಪ್ಪಿಕೊಂಡ, ಜೈಲಿಗೆ ಹೋದ, ಹೊರಗೆ ಬಂದ ಮೇಲೆ ಹಗರಿಬೊಮ್ಮನಹಳ್ಳಿಯಲ್ಲಿ ಪಂಚರ್ ಅಂಗಡಿ ಇಟ್ಟುಕೊಂಡು ಒಬ್ಬನೇ ಇದ್ದ. ಹೆಂಡ ಮುಟ್ಟಲಿಲ್ಲ, ಸ್ಟೇರಿಂಗನ್ನೂ ಮುಟ್ಟಲಿಲ್ಲ.

ಉಪದೇಶಿಗಳು ತಮ್ಮನ ಜೊತೆ ಮಾತು ಬಿಟ್ಟರು. ಮಗ ಹೋದ ಮೇಲೂ ಬ್ರೆಡ್ ಕೊಳ್ಳಲು ಬರುತ್ತಿದ್ದರು, ಡಬ್ಬಿ ತಟ್ಟುತ್ತಿದ್ದರು, ನಗಿಸುತ್ತಿದ್ದರು. ನಾನು ಒಮ್ಮೆ ಯಾವುದೋ ಕೆಲಸಕ್ಕೆ ಹೋದವನು ದೇವಾಲಯದ ಕಿಟಕಿಯ ಬಳಿ ನಿಂತಿದ್ದಾಗ, ಎಲ್ಲರ ಮುಂದೆ ತಟ್ಟೆ ಹಿಡಿದು ಹೋಗುತ್ತಿದ್ದ ಅವರು ತಾವು ಮಾತ್ರ ತುಣುಕು ತೆಗೆದುಕೊಳ್ಳದೆ ತಟ್ಟೆಯನ್ನು ಮೇಜಿಗೆ ಇಟ್ಟುಬಿಟ್ಟರು. ಮರೆತರೇನೋ ಎಂದುಕೊಂಡೆ. ಆ ವಾರ ಬನ್ ಒಯ್ಯಲು ಬಂದ ಅವರ ಹೆಂಡತಿಯನ್ನು ಕೇಳಿದೆ.

"ಅವರು ಉಣ್ಣಂಗಿಲ್ರಿ. ಮಗ ಹೋದಾಗಿಂದ ಉಂಡಿಲ್ಲ" ಎಂದರು ಅಮ್ಮನವರು. "ಮಂದಿಗಿ ಹಾಕಿದ ಕಟ್ಟಳಿ ತಾನ ಮುರಿಯಾಕ ಬರಂಗಿಲ್ಲಂತ. ತಮ್ಮನ ಮ್ಯಾಲೆ ಹಗಿ ಐತಿ, ಹಗಿ ಇಟ್ಕೊಂಡು ಹೆಂಗ ಕೈ ಚಾಚಲಿ ಅಂತಾರ."

"ಕ್ಷಮಿಸಿ ಬಿಡ್ಲಿ ಅಮ್ಮಾರ?"

"ಬರವಲ್ದಂತ್ರಿ. ಮುಂಜಾನಿ ಎದ್ದು ಮೊಣಕಾಲೂರಿ ಬೇಡ್ಕೊಂತಾರ, ಈ ಹಗಿ ತಗದು ಒಗಿ ತಂದೆ ಅಂತ. ಬರವಲ್ದು."

"ಮತ್ತ ನಿಮಗ?"

ಅವರು ಬನ್ನಿನ ಪೊಟ್ಟಣದ ದಾರವನ್ನು ಬಿಗಿ ಮಾಡಿದರು. "ನಾ ಹೆತ್ತಾಕಿ. ಸಿಟ್ಟು ಬರ್ಲಿಲ್ಲ ಅಂತೀರೇನು? ಮಾರಿ ನೋಡಬಾರದು ಅನಿಸಿತ್ತು. ಆದ್ರ ನಾ ಮದುವಿಯಾಗಿ ಬಂದಾಗ ಅಂವಗ ಚಡ್ಡಿ ಹಾಕ್ಕೊಳ್ಳಾಕ ಬರ್ತಿರಲಿಲ್ರಿ. ಎತ್ತಿ ಆಡಿಸೀನಿ. ಒಬ್ಬಂವ ಮಣ್ಣಾಗ ಹೋದ. ಇನ್ನೊಬ್ಬಂವನ್ನ ಬಿಸಲಾಗ ಬಿಡ್ಲೇನು?"

ಬಿಸಿಲು ಎಂದು ಅವರು ಅಂದದ್ದು ಸುಮ್ಮನೆ ಅಲ್ಲ. ಪ್ರತಿ ಕರ್ತನ ಭೋಜನದ ಭಾನುವಾರ ತಮ್ಮ ಹಗರಿಬೊಮ್ಮನಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದನಂತೆ. ಒಳಗೆ ಹೋಗುತ್ತಿರಲಿಲ್ಲ. ಅಂಗಳದ ಬೇವಿನ ಮರದ ಕೆಳಗೆ ಕೂತು, ಹಾಡು ಪ್ರಾರ್ಥನೆ ಎಲ್ಲ ಹೊರಗಿಂದಲೇ ಕೇಳಿ, ಜನ ಹೊರಬೀಳುವ ಮೊದಲು ಎದ್ದು ಹೋಗುತ್ತಿದ್ದನಂತೆ. ಅಣ್ಣನಿಗೆ ಅವನು ಬಂದು ಕೂರುವುದು ಗೊತ್ತು. ಆ ದಿನ ಅವರು ಪಕ್ಕದ ಬಾಗಿಲಿಂದ ಒಳಗೆ ಹೋಗುತ್ತಿದ್ದರು. ಹೀಗೆ ಕರೆದ ಊಟಕ್ಕೆ ಒಬ್ಬ ಹೊರಗೆ ಕೂತು ಉಣ್ಣಲಿಲ್ಲ, ಇನ್ನೊಬ್ಬ ಒಳಗೆ ಬಡಿಸುತ್ತ ಉಣ್ಣಲಿಲ್ಲ. ಹೀಗೇ ವರ್ಷಗಳು ಹೋದವು. ಅಪ್ಪನಿಗೆ ಅವರು ಹೇಳಿದ್ದ ಸಿಟ್ಟಿನ ಕೂಸಿನ ಮಾತು ನನಗೆ ನೆನಪಾಗುತ್ತಿತ್ತು. ಹಿರಿಯರು, ಅವರ ಮಾತನ್ನು ಅವರಿಗೇ ಹೇಗೆ ಹೇಳುವುದು ಎಂದು ಸುಮ್ಮನಿದ್ದೆ.

ಆ ಟೂಟಿಫ್ರೂಟಿಯ ಭಾನುವಾರದ ನಂತರ ಬ್ರೆಡ್ಡನ್ನು ಆರಾಧನೆಗೆ ಮೊದಲು ಅಮ್ಮನವರು ಅಣಿ ಮಾಡುತ್ತಿದ್ದರು. ಸುಟ್ಟ ಕಂದು ಅಂಚನ್ನೆಲ್ಲ ಚಾಕುವಿನಿಂದ ಕತ್ತರಿಸಿ ತೆಗೆದು, ಒಳಗಿನ ಬಿಳಿಯದನ್ನಷ್ಟೇ ತಟ್ಟೆಗೆ ಇಡುವುದು ರೂಢಿ. ಪಾಸ್ಟರಿಗೆ ಹಾಗೆಯೇ ಬೇಕಿತ್ತು. ಅಂಚು ನನ್ನ ಪ್ರಕಾರ ಬ್ರೆಡ್ಡಿನ ರುಚಿಯಾದ ಭಾಗ. ಅದನ್ನೇನು ಮಾಡುತ್ತೀರಿ ಎಂದು ಒಮ್ಮೆ ಉಪದೇಶಿಗಳನ್ನು ಕೇಳಿದ್ದೆ. "ನಮ್ಮಾಕಿ ಸೆರಗಿನ್ಯಾಗ ಕಟ್ಕೊಂಡು ಒಯ್ತಾಳ್ರಿ, ಕೋಳಿಗೆ" ಎಂದಿದ್ದರು. ನಾನು ಜಳಕ ಮಾಡಿ ಸುಟ್ಟ ಬ್ರೆಡ್ಡು ಕೋಳಿಗೆ ಹೋಗುವುದೇ ಎಂದು ನನಗೆ ತುಸು ಬೇಸರವೇ ಆಗಿತ್ತು.

ಎರಡು ಸಾವಿರದ ಇಸವಿಯ ಆಚೀಚೆ ಒಂದು ಶನಿವಾರ ನಮ್ಮ ಭಟ್ಟಿಯ ಇಟ್ಟಿಗೆ ಬಿರುಕು ಬಿಟ್ಟಿತು. ಮಣ್ಣು ಮೆತ್ತಿ ಒಣಗಿಸುವಷ್ಟರಲ್ಲಿ ದಿನ ಮುಗಿಯಿತು. ಉಪದೇಶಿಗಳು ಬಂದಾಗ, "ನಾಳಿ ಮುಂಜಾನಿ ಬಿಸಿಬಿಸಿ ಸುಟ್ಟು ನಾನ ತಂದು ಕೊಡ್ತೀನಿ, ಹೋಗ್ರಿ" ಎಂದು ಕಳಿಸಿದೆ. ಭಾನುವಾರ ಬೆಳಿಗ್ಗೆ ಬ್ರೆಡ್ಡು ತೆಗೆದು, ಅದೇ ಬಿಸಿಗೆ ಒಂದು ತಟ್ಟೆ ರಸ್ಕನ್ನು ಒಳಗೆ ತಳ್ಳಿ, ಒಗೆದ ಬಟ್ಟೆಯಲ್ಲಿ ಬ್ರೆಡ್ ಸುತ್ತಿಕೊಂಡು ಸೈಕಲ್ ಹತ್ತಿದೆ. ಹೋಗಿ ಕೊಟ್ಟು ಓಡಿ ಬಂದರೆ ರಸ್ಕಿಗೆ ಸರಿಯಾಗುತ್ತದೆ ಎಂಬ ಲೆಕ್ಕ.

ಅಂಗಳದಲ್ಲಿ ಬೇವಿನ ಮರದ ಕೆಳಗೆ ಒಬ್ಬಾತ ಕೂತಿದ್ದ. ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ತಮ್ಮನ ಕಥೆ ಕೇಳಿದ್ದೆನೇ ಹೊರತು ಮುಖ ನೋಡಿದವನಲ್ಲ. ಯಾರೋ ಸಭೆಯವರು ಎಂದುಕೊಂಡೆ. ನನ್ನ ಮೈಯೆಲ್ಲ ಮೈದಾ, ಒಳಗೆ ಹೋಗಲು ಸಂಕೋಚ, ತಲೆಯಲ್ಲಿ ರಸ್ಕು. ಸೈಕಲ್ ಮೇಲಿಂದಲೇ ಅವನ ಎರಡೂ ಕೈಗೆ ಬ್ರೆಡ್ಡನ್ನು ಇಟ್ಟು, "ಉಪದೇಶಿಗಳ ಕೈಯಾಗ ಕೊಟ್ಟುಬಿಡ್ರಿ, ಹೊತ್ತಾಗೇತಿ" ಎಂದೆ.

ಅವನು ಬೆದರಿದವನಂತೆ ನನ್ನನ್ನು ನೋಡಿದ. ಎದ್ದು ನಿಂತ. ಒಂದು ಹೆಜ್ಜೆ ಇಟ್ಟಾಗ ಬಲಗಾಲು ಎಳೆಯಿತು. ಆಗ ನನಗೆ ಹೊಳೆಯಿತು, ನಾನು ಯಾರ ಕೈಗೆ ಏನು ಕೊಟ್ಟೆ ಎಂದು. ಕರೆದು ವಾಪಸ್ ತೆಗೆದುಕೊಳ್ಳುವುದೇ? ಸೈಕಲ್ ಇಳಿದು ಅಲ್ಲೇ ನಿಂತೆ. ಅವನಿಗೂ ಬೇರೆ ದಾರಿ ಇರಲಿಲ್ಲ. ಅದನ್ನು ನೆಲದ ಮೇಲೆ ಇಡುವ ಹಾಗಿಲ್ಲ, ಹಿಡಿದುಕೊಂಡು ಊರಿಗೆ ಹೋಗುವ ಹಾಗೂ ಇಲ್ಲ. ಕುಂಟುತ್ತ ಹೊಸ್ತಿಲ ತನಕ ಹೋಗಿ, ನೀರಿನ ತಂಬಿಗೆಯ ಪಕ್ಕ ನಿಂತುಬಿಟ್ಟ.

ಉಪದೇಶಿಗಳು ಒಳಗೆ ಮೇಜಿಗೆ ಬಿಳಿ ಬಟ್ಟೆ ಹಾಸುತ್ತಿದ್ದರು. ಬ್ರೆಡ್ಡು ಬಂತೆಂದು ಬಾಗಿಲ ಕಡೆ ತಿರುಗಿದವರು, ತಂದವನನ್ನು ನೋಡಿದರು. ಬಟ್ಟೆಯ ಮೂಲೆ ಅವರ ಕೈಯಲ್ಲೇ ಇತ್ತು. ಒಳಗೆ ಮಾತಾಡುತ್ತಿದ್ದ ಜನ ಒಬ್ಬೊಬ್ಬರಾಗಿ ಎದ್ದು ನಿಂತರು. ಪಾಸ್ಟರು ಏನಾಯಿತು ಎಂದು ಕೇಳಿದರು. ಬಟ್ಟೆ ಬಿಟ್ಟು ಉಪದೇಶಿಗಳು ನಿಧಾನವಾಗಿ ಬಾಗಿಲಿಗೆ ಬಂದರು. ತಮ್ಮನ ಮುಖ ನೋಡಲಿಲ್ಲ, ಕೈಗಳನ್ನೇ ನೋಡಿದರು.

"ಕೈ ತೊಳಕೊಂಡಿಯೇನು?" ಎಂದರು.

ಮಗ ಸತ್ತ ಮೇಲೆ ತಮ್ಮನಿಗೆ ಅವರು ಆಡಿದ ಮೊದಲ ಮಾತು ಅದು.

"ಹೆಂಗ ತೊಳಕೊಳ್ಲಿ ಅಣ್ಣ? ಕೈಯಾಗ ಇದು ಐತಿ."

ಅಮ್ಮನವರು ಹಿಂದಿನಿಂದ ಬಂದು ಬ್ರೆಡ್ಡನ್ನು ತೆಗೆದುಕೊಂಡರು. ಉಪದೇಶಿಗಳು ನೋಯುವ ಮೊಣಕಾಲನ್ನು ಬಗ್ಗಿಸಿ ತಂಬಿಗೆ ಎತ್ತಿ, "ಹಿಡಿ" ಎಂದರು. ತಮ್ಮ ಬೊಗಸೆ ಒಡ್ಡಿದ. ನೀರು ಹಾಕಿದರು, ಹಾಕುತ್ತಲೇ ಇದ್ದರು. ತಂಬಿಗೆ ಬರಿದಾಗುವ ತನಕ ನಿಲ್ಲಿಸಲಿಲ್ಲ. ಈಗ ತಮ್ಮನ ಸರದಿ, ಆದರೆ ನೀರೇ ಇರಲಿಲ್ಲ. ಅವನು ಒದ್ದೆ ಕೈಯಲ್ಲಿ ಖಾಲಿ ತಂಬಿಗೆ ಹಿಡಿದು ನಿಂತ. ಆಗ ಒಳಗಿಂದ, ಹಿಂದೊಮ್ಮೆ ಸೊಸೆಯ ಸೀರೆ ತೋಯಿಸಿದ್ದ ಆ ಅತ್ತೆ, "ಮತ್ತೊಂದು ತಂಬಗಿ ತರ್ರಿ!" ಎಂದು ಕೂಗಿದಳು. ತರಲು ಓಡಿದವಳು ಅವಳ ಸೊಸೆಯೇ.

ತಮ್ಮ ನೀರು ಹಾಕಿದ. ಅರ್ಧ ಅಣ್ಣನ ಕೈಗೆ, ಅರ್ಧ ಧೋತರದ ಮೇಲೆ. ನಾನು ಸೈಕಲ್ ಹಿಡಿದು ಅಂಗಳದಲ್ಲಿ ಕೊನೆಯ ತನಕ ನಿಂತಿದ್ದೆ. ತಟ್ಟೆ ಎಲ್ಲರ ಮುಂದೆ ಹಾದು, ಕೊನೆಗೆ ಉಪದೇಶಿಗಳು ಒಂದು ತುಣುಕನ್ನು ತಮ್ಮನ ಅಂಗೈಯಲ್ಲಿಟ್ಟು, ಒಂದನ್ನು ತಾವು ಬಾಯಿಗೆ ಹಾಕಿಕೊಂಡದ್ದನ್ನು ಕಿಟಕಿಯಿಂದ ನೋಡಿದೆ. ಅಂಗಡಿಗೆ ಬಂದರೆ ರಸ್ಕು ಇದ್ದಿಲಾಗಿತ್ತು. ಅಪ್ಪ ಬೈಯಲು ಶುರು ಮಾಡಿ, ನಡೆದದ್ದು ಕೇಳಿ, "ಹೋಗ್ಲಿ ಬಿಡು, ರಸ್ಕಿನ ಮಾತೇನು" ಎಂದ.

ಆ ಸಂಜೆ ಡಬ್ಬಿ ತಟ್ಟಿದ ಸದ್ದು ಕೇಳಿತು. ನಾನು ತಪ್ಪಾಯಿತು ಎನ್ನಲು ಹೋದರೆ ಅವರು ಕೈ ಎತ್ತಿ ತಡೆದರು.

"ತಮ್ಮನ್ನ ಕ್ಷಮಿಸಿದ್ರಲ್ಲ, ಛಲೋ ಆತು ಬಿಡ್ರಿ" ಎಂದೆ.

"ಸುಳ್ಳು ಯಾಕ ಹೇಳ್ಲಿ ಸಾವ್ಕಾರ್ರ. ನೀರು ಹಾಕಾಗ ಸುದ್ದಾ ಕ್ಷಮಾ ಬಂದಿರ್ಲಿಲ್ಲ. ಅಂವನ ಕೈ ನೋಡಿದೆ, ನಮ್ಮಪ್ಪನ ಕೈ ಇದ್ದಂಗ ಅದಾವು. ಹಾಕಿದೆ. ಆಮ್ಯಾಲೆ ಆ ತುಣುಕು ಬಾಯಾಗ ಇಟ್ಕೊಂಡಾಗ ಗೊತ್ತಾತು, ನಾ ಎಷ್ಟು ಹಸದಿದ್ದೆ ಅಂತ." ಅವರ ಕಣ್ಣು ತುಂಬಿತು, ಒರೆಸಿಕೊಳ್ಳಲಿಲ್ಲ. "ಕ್ಷಮಿಸಿ ಆಮ್ಯಾಲೆ ಉಣ್ಣೂಣು ಅಂತ ಇಷ್ಟು ವರ್ಷ ಕುಂತಿದ್ದೆ. ಅದು ಹಂಗಲ್ಲ ನೋಡ್ರಿ. ಮೊದಲು ಉಣ್ಣಬೇಕು. ನಮ್ಮ ಯಜಮಾನ ಕರಿಯೂದ ಹಸದೋರನ್ನ."

"ಈಗ ಬಂತೇನ್ರಿ ಮತ್ತ, ಕ್ಷಮಾ?"

"ಬರಾಕ ಹತ್ತೈತಿ. ಅದಕ್ಕೂ ನನ್ನಂಗ ಮೊಣಕಾಲು ನೋವು ಕಾಣಸ್ತೈತಿ, ಸಾವಕಾಶ ಬರಾಕ ಹತ್ತೈತಿ." ಆಮೇಲೆ ಕಣ್ಣು ಒರೆಸಿಕೊಂಡು, ಮಿರ್ಚಿ ಅಂಗಡಿ ತೆರೆದಿದೆಯೇ ಎಂದು ಕೇಳಿದರು.

ನಿವೃತ್ತರಾದ ಮೇಲೆ ಗಂಡ ಹೆಂಡತಿ ಹಗರಿಬೊಮ್ಮನಹಳ್ಳಿಗೆ, ತಮ್ಮನ ಮನೆಗೆ ಹೋದರು. ಪಂಚರ್ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು, ಬಂದವರ ಟೈರಿಗೆ ಗಾಳಿ ತುಂಬುವ ತನಕ ಅವರ ಕಷ್ಟಸುಖ ಕೇಳುತ್ತ ಕೂರುತ್ತಿದ್ದರಂತೆ. ನಾನು ಹೋದಾಗೊಮ್ಮೆ ಬ್ರೆಡ್ ಒಯ್ಯುತ್ತಿದ್ದೆ.

ಹೋದ ತಿಂಗಳೂ ಒಯ್ದೆ. ಮಣ್ಣು ಮುಗಿಸಿ ಮನೆಗೆ ಬಂದಾಗ ಬಾಗಿಲಲ್ಲಿ ತಮ್ಮ ಅದೇ ತಾಮ್ರದ ತಂಬಿಗೆ ಹಿಡಿದು ನಿಂತಿದ್ದ. ಅವನ ತಲೆಯೂ ಈಗ ನೆರೆತಿದೆ. ಎಲ್ಲರ ಕೈಗೆ ನೀರು ಹಾಕಿದ, ನನ್ನ ಕೈಗೂ ಹಾಕಿದ. ಒಳಗೆ ಅಮ್ಮನವರು ನಾನು ತಂದ ಬ್ರೆಡ್ಡನ್ನು ಮುಂದಿಟ್ಟುಕೊಂಡು ಚಾಕುವಿನಿಂದ ಅಂಚು ಕತ್ತರಿಸುತ್ತಿದ್ದರು. ಮೊದಲ ಅಂಚನ್ನು ಮೈದುನನ ಕೈಗಿಟ್ಟರು.

"ಇನ್ನೂ ನನಗ ಅಂಚೇನ ಅತ್ತಿಗಿ?" ಎಂದ ಅವನು, ಅಳುವಿನ ನಡುವೆ.

ಅಮ್ಮನವರು ಆ ದಿನ ಮೊದಲ ಸಲ ನಕ್ಕರು. ನನ್ನ ಕಡೆ ತಿರುಗಿ ಹೇಳಿದರು. "ಕೋಳಿಗೆ ಅಂತ ಒಯ್ತಿದ್ದೆ ನೋಡ್ರಿ. ಯಾವ ಕೋಳಿ? ಮಗ ಹೋದ ವರ್ಷನ ಎಲ್ಲಾ ಮಾರಿಬಿಟ್ಟಿದ್ದೆ. ಊರೂರು ತಿರುಗೋ ಮನಷ್ಯಾಗ ಮನ್ಯಾಗ ಕೋಳಿ ಇಲ್ಲ ಅನ್ನೂದ ಗೊತ್ತಿದ್ದಿಲ್ಲ. ಆ ಅಂಚು ಪ್ರತಿ ಸಲ ಇಂವಗ ಒಯ್ದು ಕೊಡ್ತಿದ್ದೆ, ಬೇವಿನ ಗಿಡದ ಕೆಳಗ. ಒಳಗಿಂದು ಹೊರಗಿಂದು ಅಂತ ಐತೇನ್ರಿ, ಒಂದ ಬ್ರೆಡ್ಡು."

"ಉಪದೇಶಿಗಳಿಗೆ ಗೊತ್ತಾಗಿತ್ತೇನ್ರಿ?"

"ಇಲ್ಲಿಗಿ ಬಂದ ಮ್ಯಾಲೆ ಒಂದಿನ ಹೇಳಿದೆ. ಸಿಟ್ಟಿಗೇಳ್ತಾರ ಅಂತ ಮಾಡಿದ್ದೆ. ಕೇಳಿ ನಗಾಕ ಹತ್ತಿದ್ರು, ನಕ್ಕು ನಕ್ಕು ಅಳಾಕ ಹತ್ತಿದ್ರು." ಇನ್ನೊಂದು ಅಂಚು ಕತ್ತರಿಸಿ, ಇನ್ನೂ ಹಸಿ ಇದ್ದ ನನ್ನ ಅಂಗೈಯಲ್ಲಿಟ್ಟು, ಅವರು ಗಂಡನ ಮಾತನ್ನು ಗಂಡನ ದನಿಯಲ್ಲೇ ಹೇಳಿದರು. "ಹೊರಗ ಕುಂತಾಂವ ಪ್ರತಿ ಸಲ ಉಂಡಾನಲ್ಲ! ಒಳಗಿದ್ದ ನಾನ ಉಪವಾಸ ಬಿದ್ದೆ ನೋಡು."